ಯಾರಿಗೂ ಬೇಡವಾದ ಕ್ಷೌರದ ಕುರ್ಚಿಗೆ

ಮಾನ್ಯ ಕುರ್ಚಿಯವರೇ,

ನಮ್ಮ ಕ್ಷೌರದಂಗಡಿಯ ನಟ್ಟನಡುವೆ ಮೂವತ್ತೆಂಟು ವರ್ಷಗಳಿಂದ ಕಾಲೂರಿ ನಿಂತು, ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ತೂಕವನ್ನೂ ಹೊತ್ತ ತಮಗೂ, ತಮ್ಮ ಒರಗುದಿಂಬಿಗೂ, ಮನಸ್ಸು ಬಂದರೆ ಮಾತ್ರ ಕೆಲಸ ಮಾಡುವ ತಮ್ಮ ಎಡಗಡೆಯ ಹಿಡಿಕೆಗೂ ಅನಂತ ನಮಸ್ಕಾರಗಳು. ತಮ್ಮ ಹಿಂದೆ ಕತ್ತರಿ ಹಿಡಿದು ನಿಲ್ಲುವ ಮುದುಕ ನಾನೇ.

ಉಯಿಲು ಬರೆಸೋಣವೆಂದು ಹೋದಾಗ ವಕೀಲರು, ಬರೆಯುವುದು ಅರ್ಧ ಗಂಟೆಯ ಕೆಲಸ, ಮೊದಲು ಮಾಹಿತಿ ಕಲೆಹಾಕಿಕೊಂಡು ಬನ್ನಿ ಎಂದು ಒಂದು ನಮೂನೆ ಕೊಟ್ಟರು. ಮನೆಗೆ, ಅಂಗಡಿಗೆ, ಕೈಗಡಿಯಾರಕ್ಕೆ ಒಂದೊಂದು ಸಾಲು ಸಾಕಾಯಿತು. ತಮಗೆ ಮಾತ್ರ ಮೂರು ಪುಟ ಹಿಡಿಯಿತು. ತಾವು ತಯಾರಾದ ವರ್ಷ ಹುಡುಕಲು ಟಾರ್ಚ್ ಹಿಡಿದು ತಮ್ಮ ಅಡಿಗೆ ನುಸುಳಿದ ನನ್ನನ್ನು ಹೊರಗೆಳೆಯಲು ಇಬ್ಬರು ಗಿರಾಕಿಗಳು ಬೇಕಾದರು, ಅವರಲ್ಲೊಬ್ಬರ ಅರ್ಧ ಮುಖದಲ್ಲಿ ಇನ್ನೂ ನೊರೆಯಿತ್ತು. ತೂಕ ನೋಡಲೆಂದು ಗುಜರಿಯವನ ತಕ್ಕಡಿ ತರಿಸಿದರೆ ತಾವು ಆ ತಕ್ಕಡಿಯನ್ನೇ ಗುಜರಿಗೆ ಸೇರಿಸಿದಿರಿ. ಅಳತೆ ಹಿಡಿದಾಗ ತಾವು ಬಾಗಿಲಿಗಿಂತ ನಾಲ್ಕು ಬೆರಳು ಅಗಲವೆಂದು ಗೊತ್ತಾಯಿತು. ಹಾಗಾದರೆ ಒಳಗೆ ಬಂದದ್ದು ಹೇಗೆ ಎಂಬ ಕಾಲಂ ನಮೂನೆಯಲ್ಲಿ ಇರಲಿಲ್ಲ, ನನ್ನ ಪುಣ್ಯ.

ಕೊನೆಯಲ್ಲಿ, ಇದು ಯಾರಿಗೆ, ಅವರನ್ನು ಕೇಳಿದ್ದೀರಾ ಎಂದಿತ್ತು. ಕೇಳಿದೆ. ದೊಡ್ಡ ಮಗ ಅಳತೆ ಕಳಿಸಿ ಎಂದ. ಕಳಿಸಿದ ಮೇಲೆ ಫೋನೇ ಎತ್ತಲಿಲ್ಲ. ಮಗಳು ತನ್ನ ಮನೆ ಮೂರನೇ ಮಹಡಿಯಲ್ಲಿದೆ ಎಂದಳು; ನಾನು ಹೋದಾಗಲೆಲ್ಲ ಅದು ನೆಲಮಟ್ಟದಲ್ಲೇ ಇತ್ತು. ಭಾವಮೈದುನನಂತೂ, ಭಾವ, ನೀವು ನೂರು ವರ್ಷ ಬಾಳಬೇಕು ಎಂದು ಕೈಮುಗಿದ. ಅಂಥ ಪ್ರೀತಿಯನ್ನು ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಆಸ್ತಿ ನನಗೆ, ನನಗೆ ಎಂದು ಜನ ಕಿತ್ತಾಡುವುದನ್ನು ಕೇಳಿದ್ದೇನೆ. ನನ್ನವರು ನಿನಗೇ ಇರಲಿ, ನಿನಗೇ ಇರಲಿ ಎಂದು ಕಿತ್ತಾಡಿದರು. ನಿಜ ಹೇಳುತ್ತೇನೆ, ಸಂಕಟವಾಯಿತು. ನನ್ನ ದುಡಿಮೆಯೆಲ್ಲ ತಮ್ಮ ಸುತ್ತಲೇ ನಡೆದದ್ದು. ನಾನು ಕಣ್ಣು ಮುಚ್ಚಿದ ಮಾರನೇ ದಿನವೇ ತಮ್ಮನ್ನು ಒಡೆದು ಕಬ್ಬಿಣಕ್ಕೆ ಹಾಕುತ್ತಾರೆಂದು ನೆನೆದು, ಆ ಕಾಲಂ ಖಾಲಿ ಬಿಟ್ಟು ಈ ಪತ್ರ ಬರೆಯಲು ಕೂತಿದ್ದೇನೆ.

ಆದ್ದರಿಂದ ತಾವು ದಯಮಾಡಿ ನಲವತ್ತು ಕಿಲೋ ಇಳಿಯಬೇಕು, ಬಾಗಿಲ ಬಳಿ ಉಸಿರು ಬಿಗಿಹಿಡಿಯಬೇಕು, ಕೂತವರ ಮೊಣಕಾಲು ಗದ್ದಕ್ಕೆ ಬಡಿಯುವಂತೆ ದಿಢೀರನೆ ಕುಸಿಯುವ ಹವ್ಯಾಸವನ್ನು ವಾರಸುದಾರರು ನೋಡಲು ಬಂದಾಗಲಾದರೂ ಕೈಬಿಡಬೇಕು. ಇವೆಲ್ಲ ಆಗದಿದ್ದಲ್ಲಿ, ತಮಗೆ ಯಾರ ಮನೆ ಇಷ್ಟವೆಂದು ತಾವೇ ಸಹಿ ಹಾಕಿ ಲಿಖಿತವಾಗಿ ತಿಳಿಸಬೇಕು.

ತಮ್ಮ ಬೆನ್ನ ಹಿಂದೆಯೇ ಆಯುಷ್ಯ ಕಳೆದ ವಿಶ್ವಾಸಿ,
ಅಂಗಡಿಯ ಮುದುಕ

ತಾ.ಕ.: ತಮ್ಮ ಉತ್ತರಕ್ಕೆ ಕಾಯುವ ಅಗತ್ಯ ಬೀಳಲಿಲ್ಲ. ಎರಡು ವರ್ಷದಿಂದ ಇಲ್ಲೇ ನನ್ನ ಜೊತೆ ಕತ್ತರಿ ಆಡಿಸುತ್ತಿರುವ ಕಿರಿಯ ಸೊಸೆಯನ್ನು ಕೇಳುವುದನ್ನೇ ಮರೆತಿದ್ದೆ. ಇದೀಗ ಅವಳು ನಮೂನೆ ಕಿತ್ತುಕೊಂಡು ತನ್ನ ಹೆಸರು ತಾನೇ ಬರೆದಳು. ಬರೆದು, "ಮಾವ, ಕುರ್ಚಿ ನಂಗೇ ಕೊಡಿ, ಚೆನ್ನಾಗಿ ನೋಡ್ಕೋತೀನಿ. ಆದ್ರೆ ಬೆಳಗ್ಗೆಯಿಂದ ಅದ್ರ ಮೇಲೇ ಕೂತು ಪತ್ರ ಬರೀತಿದ್ದೀರಲ್ಲ, ನಾಲ್ಕು ಜನ ಕಾಯ್ತಿದ್ದಾರೆ, ಸ್ವಲ್ಪ ಏಳ್ತೀರಾ?" ಎಂದಳು. ಎದ್ದೆ. ಯಾರು ಎದ್ದರೂ ಕಿರ್ರೆಂದು ಗೋಳಾಡುವ ತಾವು, ನಾನು ಎದ್ದಾಗ ತುಟಿಪಿಟಿಕ್ಕೆನ್ನಲಿಲ್ಲ. ಇಷ್ಟು ಬೇಗ ಪಕ್ಷ ಬದಲಿಸಬಾರದಿತ್ತು, ಮಾನ್ಯರೇ.