ಐದು ಸೀಟಿನ ಪವರ್

ಪರದೇಶದ ಹ್ಯಾರಿಸ್‌ಡೇಲ್‌ಗೆ ಬಂದು ಮೂರು ವರ್ಷವಾದರೂ ವೇಣುಗೋಪಾಲನ ಮನೆಯ ಬೆಲ್ ಒತ್ತುತ್ತಿದ್ದುದು ಪಾರ್ಸೆಲ್ ತರುವವನೊಬ್ಬನೇ. ಒಂಟಿತನ ತಡೆಯಲಾರದೆ ಅವನು ಎಪ್ಪತ್ತರ ದಶಕದ ಒಂದು ವಿ-ಎಯ್ಟ್ ಕಾರು ಕೊಂಡ. ಬಾನೆಟ್ ಎತ್ತಿ ನಿಂತರೆ ಜನ ತಾವಾಗಿ ಬರುತ್ತಾರೆಂಬ ನಂಬಿಕೆ.

ಬಂದರು ಕೂಡ. ಆದರೆ ಒಂದು ರೌಂಡ್ ಹೋಗೋಣ ಎಂದರೆ ಎದುರು ಮನೆಯ ಶ್ರೀಕಂಠಯ್ಯ ಅಂಕಲ್ ಮೂಗು ಮುರಿಯುತ್ತಿದ್ದರು. "ಎಂಟು ಸಿಲಿಂಡರ್ ಇಟ್ಕೊಂಡು ಎತ್ತಿನಗಾಡಿ ಥರ ಹೋಗುತ್ತಲ್ಲಪ್ಪ. ಪವರ್ ಬರ್ಲಿ, ಆಮೇಲೆ ನೋಡೋಣ."

ಅಷ್ಟು ಮಾತನ್ನೇ ನೆಚ್ಚಿಕೊಂಡು ಅವನು, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನೇ ದೊಡ್ಡದು ತರಿಸಿ ಕೂರಿಸಿದ. ಎಲ್ಲರ ರಜೆ ನೋಡಿ ಶನಿವಾರಕ್ಕೆ ತಳ್ಳಿದ್ದ ಆಯುಧಪೂಜೆಗೆ ಅಕ್ಕಪಕ್ಕದವರನ್ನು ಕರೆದ. ಕೇಸರಿಬಾತ್ ಮಾಡಿದ. ಪೂಜೆ ಮುಗಿಸಿ ಅವರೊಂದಿಗೆ ಬೀಚಿಗೆ ಹೋಗಬೇಕು, ಅವನ ಆಸೆ ಅಷ್ಟೇ.

ಪಕ್ಕದ ಮನೆಯ ಉತ್ತಮ್ ಬಂದವನೇ, "ಜಾಸ್ತಿ ಗಾಳಿ ಎಳೆದಷ್ಟೂ ಜಾಸ್ತಿ ಪವರ್ ಸಾರ್" ಎಂದು ಏರ್ ಫಿಲ್ಟರ್ ಬಿಚ್ಚಿಟ್ಟ. ಅಂಕಲ್ ಹೆಂಡತಿ ದಾಕ್ಷಾಯಣಿ ಆಂಟಿ, ಬಾಯ್ದೆರೆದು ಕೂತಿದ್ದ ಕಾರ್ಬ್ಯುರೇಟರಿಗೆ ಕುಂಕುಮವಿಟ್ಟು, ನೆತ್ತಿಯ ಮೇಲೆ ಬೊಗಸೆ ತುಂಬ ಚೆಂಡುಹೂವಿನ ಎಸಳು ಏರಿಸಿದರು.

ಮಂಗಳಾರತಿಯಾಗುತ್ತಲೇ ಉತ್ತಮ್ ಕೀ ತಿರುಗಿಸಿದ. ಎಸಳೆಲ್ಲ ಒಂದೇ ಗುಟುಕಿಗೆ ಒಳಗೆ ಹೋದವು. ಎಂಜಿನ್ ಕೆಮ್ಮಿತು, ಸೀನಿತು, ನಿಂತಿತು.

"ದೇವ್ರು ಸ್ವೀಕರಿಸ್ದ ಬಿಡಿ" ಎಂದರು ಆಂಟಿ.

ವೇಣುಗೋಪಾಲ ಚಿಮಟ ಹಿಡಿದು ಒಂದೊಂದೇ ಎಸಳು ಹೆಕ್ಕುವಷ್ಟರಲ್ಲಿ ಕೇಸರಿಬಾತ್ ಪಾತ್ರೆ ಖಾಲಿಯಾಗಿತ್ತು. ಈ ಸಲ ಉತ್ತಮ್ ಕೀ ತಿರುಗಿಸಿದಾಗ ಎಂಜಿನ್ ಗುಡುಗಿತು, ಬೀದಿಯ ಕಿಟಕಿಗಳು ಅದುರಿದವು.

"ಈಗ ಬಂತು ನೋಡು ಪವರ್" ಎಂದು ಅಂಕಲ್ ಮುಂದೆ ಹತ್ತಿದರು. ಆಂಟಿ, ಉತ್ತಮನ ಹೆಂಡತಿ ಕೃತಿ, ಅವಳಮ್ಮ ಹಿಂದೆ ಕೂತರು. ಸ್ಟೀರಿಂಗ್ ಹಿಡಿದಿದ್ದ ಉತ್ತಮ್ ಇಳಿಯಲೇ ಇಲ್ಲ.

ವೇಣುಗೋಪಾಲ ಕೈ ಒರೆಸಿಕೊಂಡು ಕಾರಿನ ಸುತ್ತ ಬಂದ. ಎಲ್ಲೂ ಜಾಗವಿರಲಿಲ್ಲ. ಅವನಿಗೆ ಅಳುವೇ ಬಂದಂತಾಯಿತು.

"ನೀವು ದಿನಾ ಓಡಿಸ್ತೀರಲ್ಲ ಸಾರ್" ಎಂದಳು ಕೃತಿ. "ಈ ಆರ್ವೋ, ಇವತ್ತೊಂದು ಮಧ್ಯಾಹ್ನ, ನಮಗೆ ಬಿಟ್ಕೊಡಿ."

ಅವರು ಹೊರಟ ಮೇಲೆ ಅವನು ಪಾತ್ರೆ ತೊಳೆಯುತ್ತಿದ್ದಾಗ ಉತ್ತಮನ ಫೋನ್ ಬಂತು. "ಸಾರ್, ಗಾಡಿ ಪೆಟ್ರೋಲ್ ಎಲ್ಲಾ ಕುಡ್ದುಬಿಡ್ತು. ಬೀಚ್ ರೋಡಲ್ಲಿ ಸೈಡಿಗೆ ನಿಲ್ಸಿದೀನಿ, ಕೀ ಟೈರ್ ಮೇಲಿದೆ. ಕೃತಿ ಫ್ರೆಂಡ್ ಬಂದು ನಮ್ಮನ್ನ ಕರ್ಕೊಂಡು ಹೋಗ್ತಿದಾರೆ. ನೀವು ನಿಧಾನವಾಗಿ ಬಂದು ತಗೊಂಡ್ಹೋಗಿ."

ವೇಣುಗೋಪಾಲ ಸರ್ವೋ ಎನ್ನುವ ಪೆಟ್ರೋಲ್ ಬಂಕಿನಲ್ಲಿ ಕ್ಯಾನ್ ತುಂಬಿಸಿ, ಬಸ್ ಹಿಡಿದು, ನಡೆದು, ಕಾರು ಮುಟ್ಟಿದ. ಒಬ್ಬನೇ ಹೊರಟ. ನಾಲ್ಕು ಸೀಟು ಖಾಲಿ ಇದ್ದುದಕ್ಕೋ ಏನೋ, ಕಾರು ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು.