ಗುರುತಿನವರಿಲ್ಲದ ಕಡಲತೀರ

ರಜೆಗೆ ಎಲ್ಲಿಗೆ ಹೋಗಬೇಕು ಎಂಬ ವಿಷಯಕ್ಕೆ ಸಂಸಾರಗಳಲ್ಲಿ ಅಂಥ ಜಗಳವೇನೂ ಆಗುವುದಿಲ್ಲ. ಹೋದಮೇಲೆ ಎಲ್ಲಿ ಇಳಿದುಕೊಳ್ಳಬೇಕು ಎನ್ನುವಾಗಲೇ ಗಂಡ ಹೆಂಡಿರ ನಿಜವಾದ ಜಾತಕ ಹೊರಬೀಳುವುದು. ನಮ್ಮ ಕಡೆಯವರಿಗಂತೂ ಈ ಪ್ರಶ್ನೆಯೇ ಹೊಸದು. ಯಾವ ಊರಿಗೆ ಹೋದರೂ ಅಲ್ಲೊಬ್ಬರು ಗುರುತಿನವರು ಇದ್ದೇ ಇರುತ್ತಾರೆ, ಅವರನ್ನು ಬಿಟ್ಟು ಹೋಟೆಲಿನಲ್ಲಿ ಇಳಿದುಕೊಂಡೆವೋ, "ಏನ್ರೀ, ನಾವೇನು ಸತ್ತುಹೋಗಿದ್ವಾ?" ಎಂದು ವರ್ಷಗಟ್ಟಲೆ ಕೇಳಿಸಿಕೊಳ್ಳಬೇಕು. ನಾನು ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿ ಸೇರಿ, ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಈ ಸಂಪ್ರದಾಯಕ್ಕೆ ಭಂಗ ಬಂದಿರಲಿಲ್ಲ. ಪರ್ತ್‌ಗೆ ಹೋದರೆ ಮೈಸೂರಿನಲ್ಲಿ ನನ್ನ ಜೊತೆ ಓದಿದ ಇಬ್ರಾಹಿಂ ಮನೆ, ಬ್ರಿಸ್ಬೇನ್‌ಗೆ ಹೋದರೆ ಇನ್ನೊಬ್ಬ ಸಹಪಾಠಿ ಡಿಸೋಜನ ಮನೆ, ಅವರು ಇತ್ತ ಬಂದರೆ ನಮ್ಮ ಮನೆ. ಗಂಡಸರು ಹಿತ್ತಲಲ್ಲಿ ಮಾಂಸ ಸುಡುವ ಒಲೆ ಬಾರ್ಬಿಯ ಮುಂದೆ ನಿಂತು ಹಾಸ್ಟೆಲಿನ ಹಳೆಯ ಕಥೆಗಳನ್ನೇ ಮತ್ತೆ ಹೇಳುವುದು, ಹೆಂಗಸರು ಒಳಗೆ ನಿಂತು ಈರುಳ್ಳಿ ಹೆಚ್ಚುವುದು. ಇದನ್ನೇ ನಾವು ಹಾಲಿಡೇ ಎನ್ನುತ್ತಿದ್ದೆವು.

ಎಂಬತ್ತರ ದಶಕದ ಶುರುವಿನ ಒಂದು ವರ್ಷ, ಮಗಳು ಆಶಾಳ ಶಾಲೆಗೆ ಬೇಸಿಗೆ ರಜೆ ಬಂದಾಗ ಇಟಲಿಯ ಸಮುದ್ರತೀರಕ್ಕೆ ಹೋಗೋಣ ಎಂದು ನಾನೇ ಘೋಷಿಸಿದೆ. ನನ್ನ ಹೆಂಡತಿ ವಿಮಲಾ ಕೂಡಲೇ ಹಿಗ್ಗಲಿಲ್ಲ. ಕೈಯೊರೆಸಿಕೊಂಡು ಬಂದು ಎದುರಿಗೆ ಕೂತಳು.

"ನೋಡಿ, ನಂಗೂ ಆಸೆ ಇದೆ. ಆದ್ರೆ ಗುರುತಿನವರ ಮನೆ ಬೇಡ. ಮದ್ವೆ ಆದಾಗಿನಿಂದ ಎಲ್ಲಿಗೆ ಹೋದ್ರೂ ಯಾರದೋ ಅಡುಗೆಮನೇಲಿ ಯಾರದೋ ಸೌಟು ಹುಡುಕ್ತಾ ನಿಂತಿರ್ತೀನಿ. ಈ ಸಲ ಬೆಳಿಗ್ಗೆ ಕಾಫೀನ ಬೇರೆ ಯಾರಾದ್ರೂ ಮಾಡಿ ನನ್ನ ಕೈಗೆ ತಂದ್ಕೊಡ್ಬೇಕು. ನಾನು ಸಮುದ್ರ ನೋಡ್ತಾ ಕುಡೀಬೇಕು. ಅಷ್ಟೇ."

ಈ 'ಅಷ್ಟೇ' ಎಂಬ ಮಾತಿನ ತೂಕ ಸಂಸಾರಸ್ಥರಿಗೆ ಗೊತ್ತು. "ಅಯ್ಯೋ, ಹೋಟೆಲ್ ತಾನೇ? ನಂಗ್ ಬಿಡು" ಎಂದು ಎದೆ ತಟ್ಟಿಕೊಂಡೆ.

ಎದೆ ತಟ್ಟಿಕೊಂಡಷ್ಟು ಸುಲಭವಾಗಿರಲಿಲ್ಲ ಅದು. ನಮಗೆ ಬೇಸಿಗೆಯೆಂದರೆ ಇಟಲಿಯವರಿಗೆ ಕೊರೆಯುವ ಚಳಿ. ಟ್ರಾವೆಲ್ ಏಜೆಂಟ್ ಹೆಂಗಸು ಕೊಟ್ಟ ಬಣ್ಣದ ಪುಸ್ತಕಗಳಲ್ಲೆಲ್ಲ ಛತ್ರಿಗಳ ಕೆಳಗೆ ಮಲಗಿದ ಜನ, ನೀಲಿ ನೀರು, ಐಸ್‌ಕ್ರೀಮು. "ಇದೆಲ್ಲಾ ಜುಲೈ ತಿಂಗಳದು. ನೀವು ಹೋಗುವಾಗ ಸೀಸನ್ ಇರಲ್ಲ. ಅರ್ಧಕ್ಕರ್ಧ ಹೋಟೆಲು ಬಾಗಿಲು ಹಾಕಿರುತ್ತವೆ" ಎಂದಳು ಆಕೆ. ಆಶಾ ಸೂಟ್‌ಕೇಸಿಗೆ ಇಣುಕಿ, "ಡ್ಯಾಡ್, ಇಟ್ಸ್ ವಿಂಟರ್ ದೇರ್. ವೈ ಆರ್ ವಿ ಟೇಕಿಂಗ್ ಬೇದರ್ಸ್?" ಎಂದಳು. ಈಜುವ ಚಡ್ಡಿಯನ್ನು ನಾನು ಸದ್ದಿಲ್ಲದೆ ಬೀರುವಿಗೆ ಹಿಂತಿರುಗಿಸಿದೆ.

ಸಂದೇಹ ಬಂದಾಗ ಸೆಕೆಂಡ್ ಒಪಿನಿಯನ್ ಕೇಳುವುದು ವೈದ್ಯರ ಚಾಳಿ. ಪರ್ತ್‌ಗೆ ಫೋನು ಮಾಡಿದೆ. ಇಬ್ರಾಹಿಂ, "ಲೋ, ಸಮುದ್ರದ ಪಕ್ಕ ಮಾತ್ರ ಇಳ್ಕೋಬೇಡ. ಚಳೀಲಿ ಅಲ್ಲಿ ಒಂದು ನರಪಿಳ್ಳೇನೂ ಇರಲ್ಲ. ದೊಡ್ಡ ಊರಲ್ಲಿ ಇಳ್ಕೊಂಡು ದಿನಾ ರೈಲಲ್ಲಿ ಹೋಗಿ ಸಮುದ್ರ ನೋಡ್ಕೊಂಡ್ ಬಾ" ಎಂದ. ಇಷ್ಟು ಅಧಿಕಾರವಾಣಿಯಿಂದ ಹೇಳಿದ ಮಹಾನುಭಾವ ಇಟಲಿಯಲ್ಲಿ ಕಂಡದ್ದು ರೋಮ್ ವಿಮಾನ ನಿಲ್ದಾಣದ ಬೆಂಚು ಒಂದನ್ನೇ. ಬ್ರಿಸ್ಬೇನಿನ ಡಿಸೋಜನ ಹತ್ತಿರ ಉತ್ತರ ಸಿದ್ಧವಾಗಿತ್ತು: "ರಿಮಿನಿ ಹತ್ರ ಕಾನ್ವೆಂಟಲ್ಲಿ ನಮ್ಮ ಆಂಟಿ ಒಬ್ರು ಸಿಸ್ಟರ್ ಆಗಿದಾರೆ ಮಾರಾಯ. ಗೆಸ್ಟ್ ರೂಮಿದೆ, ಭಾಳ ಕ್ಲೀನು. ಈಗ್ಲೇ ಹೇಳ್ಬಿಡ್ತೀನಿ."

"ಆಮೇಲೆ ಬೆಳಗಿನ ಜಾವ ಎದ್ದು ಆ ಸಿಸ್ಟರ್‌ಗಳ ಜೊತೆ ನಾನೂ ಪಾತ್ರೆ ತೊಳೀಬೇಕಾ?" ಎಂದಳು ವಿಮಲಾ. ರಿಮಿನಿ ಅಲ್ಲಿಗೆ ಮುಗಿಯಿತು.

ನಿಜವಾದ ಅನಾಹುತವಾದದ್ದು ನನ್ನ ವಾರ್ಡಿನಲ್ಲಿ. ಅಡಿಲೇಡಿನ ಆಸ್ಪತ್ರೆಗಳಿಗೆ ಬರುವ ಮುದುಕ ಮುದುಕಿಯರಲ್ಲಿ ಇಟಲಿಯ ಕಡೆಯವರು ಬಹಳ. ಅವರಿಂದಾಗಿ ನನಗೂ ಒಂದಿಷ್ಟು ಇಟಾಲಿಯನ್ ಹತ್ತಿತ್ತು. ಎಲ್ಲಿ ನೋವು, ಎಷ್ಟು ದಿನದಿಂದ, ಜೋರಾಗಿ ಉಸಿರೆಳೆದುಕೊಳ್ಳಿ, ಮೋಶನ್ ಆಯಿತೇ. ಇಷ್ಟೇ ನನ್ನ ಪಾಂಡಿತ್ಯ. ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡಿದ್ದ ಕಾನ್ಚೆತ್ತಾ ಎಂಬ ಅಜ್ಜಿಗೆ ನಾನು ಇಟಲಿಗೆ ಹೊರಟ ಸಂಗತಿ ಯಾರೋ ನರ್ಸ್ ಹೇಳಿಬಿಟ್ಟಳು. ಅಜ್ಜಿ ಹೊಲಿಗೆಯ ನೋವನ್ನೂ ಮರೆತು ಎದ್ದು ಕೂತಳು. ದಕ್ಷಿಣದಲ್ಲಿ ಸಮುದ್ರದ ದಂಡೆಗೇ ಆಕೆಯ ತಂಗಿಯ ಮನೆಯಂತೆ, ದೊಡ್ಡ ಮನೆಯಂತೆ, ಅವಳು ಇರುವಾಗ ಡಾಕ್ಟರು ಹೋಟೆಲಿನಲ್ಲಿ ಇಳಿದುಕೊಂಡರೆ ವಂಶಕ್ಕೇ ಅವಮಾನವಂತೆ. ಧಾಟಿ ಥೇಟ್ ನಮ್ಮ ಸೋದರತ್ತೆಯದೇ. ನನ್ನ ತಲೆ ತಾನಾಗಿಯೇ ಹೂಂ ಎಂದು ಆಡಿಬಿಟ್ಟಿತು.

ಸಂಜೆ ಮನೆಯಲ್ಲಿ ಮೆಲ್ಲಗೆ ಹೇಳಿದೆ. ವಿಮಲಾ ಸೌಟು ಕೆಳಗಿಟ್ಟಳು.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಿಮ್ಮನ್ನ ನೋಡೇ ಗಾದೆ ಮಾಡಿರ್ಬೇಕು. ಹೋಗ್ಬನ್ನಿ ನೀವು, ಅಪ್ಪ ಮಗಳು. ನಾನಿಲ್ಲೇ ಇರ್ತೀನಿ."

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು ಒಗ್ಗರಣೆ ಹಾಕಲು ಹೋದಳು. ಅವಳು ಕೇಳಿದ್ದು ಒಂದು ಲೋಟ ಕಾಫಿ. ಅದಕ್ಕೂ ನಾನು ಅಡ್ಡ ಬಂದಿದ್ದೆ.

ಮಾರನೆಯ ದಿನ ಕಾನ್ಚೆತ್ತಾಳ ಹಾಸಿಗೆಯ ಬಳಿ ನಿಂತು ಒಂದು ಸುಳ್ಳು ಹೇಳಿದೆ: ನಾವು ದಕ್ಷಿಣಕ್ಕೆ ಹೋಗುತ್ತಿಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆ. ಅಜ್ಜಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಉತ್ತರದವರಿಗೆ ಅಡುಗೆ ಬರುವುದಿಲ್ಲ, ಹೊಟ್ಟೆ ಜೋಪಾನ ಎಂದು ನನ್ನ ಕೆನ್ನೆ ಸವರಿದಳು. ಹೀಗೆ ದಕ್ಷಿಣದಲ್ಲಿ ತಂಗಿ, ಪೂರ್ವದಲ್ಲಿ ಸಿಸ್ಟರ್ ಇದ್ದದ್ದರಿಂದ ಉಳಿದದ್ದು ವಾಯವ್ಯ ಮೂಲೆ ಒಂದೇ. ಜಿನೋವಾ ದಾಟಿ ಸ್ವಲ್ಪ ದೂರದಲ್ಲಿ, ರೈಲು ಹಳಿಯ ಪಕ್ಕದಲ್ಲೇ ಸಮುದ್ರವಿರುವ ಒಂದು ಸಣ್ಣ ಊರಿನಲ್ಲಿ ಚಳಿಗಾಲದಲ್ಲೂ ತೆರೆದಿರುವ ಒಂದು ಹೋಟೆಲನ್ನು ಏಜೆಂಟ್ ಹುಡುಕಿಕೊಟ್ಟಳು. ಜನ ನೋಟ ನೋಡಿ, ಊಟ ನೋಡಿ ಊರು ಆರಿಸುತ್ತಾರೆ. ನಾವು ಆರಿಸಿದ್ದು ಅಲ್ಲಿ ಗುರುತಿನವರು ಒಬ್ಬರೂ ಇಲ್ಲ ಎಂಬ ಒಂದೇ ಗುಣಕ್ಕೆ. ವಿಮಲಾ ಹೊಸ ಶಾಲು ಕೊಂಡಳು. ನನ್ನ ಸಾರಿಗೆ ಮತ್ತೆ ಉಪ್ಪು ಬಂತು.

ಹೋಗಿ ನೋಡಿದರೆ ಇಡೀ ಹೋಟೆಲಿಗೆ ನಾವೇ ಅತಿಥಿಗಳು. ಊರಿನ ಐಸ್‌ಕ್ರೀಮ್ ಅಂಗಡಿಗಳಿಗೆಲ್ಲ ಹಲಗೆ ಬಡಿದಿತ್ತು. ಆದರೆ ಮಹಡಿಯ ರೂಮಿನ ಕಿಟಕಿ ತೆರೆದರೆ ಸಮುದ್ರ, ಸಮುದ್ರ, ಬರೀ ಸಮುದ್ರ. "ಅಬ್ಬಾ!" ಎಂದಳು ವಿಮಲಾ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ರಜೆಯೂ ಸುಖವಾಗಿ ಕಳೆಯುತ್ತಿತ್ತು. ಬೀಗದ ಕೈ ಕೊಡುವಾಗ ಹೋಟೆಲಿನ ಯಜಮಾನನ ತಾಯಿ ಕುಂಟುತ್ತಾ ಬಂದು ನಕ್ಕಳು. ಹಿರಿಯರು ನಕ್ಕಾಗ ಏನಾದರೂ ಮಾತಾಡುವುದು ಮರ್ಯಾದೆ. ನನಗೆ ಬರುತ್ತಿದ್ದ ಇಟಾಲಿಯನ್ನಿನಲ್ಲಿ ಮರ್ಯಾದೆಯ ಮಾತು ಎಲ್ಲಿಂದ ತರಲಿ? "ದೋವೆ ಫಾ ಮಾಲೆ?" ಎಂದುಬಿಟ್ಟೆ. ಎಲ್ಲಿ ನೋವು?

ಅಜ್ಜಿ ನನ್ನ ಕೈ ಹಿಡಿದುಕೊಂಡು ಸೋಫಾದ ಮೇಲೆ ಕೂತವಳು ಸಂಜೆಯವರೆಗೆ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿಳಿದರೆ ಕುರ್ಚಿಗಳು ಸಾಲಾಗಿ ನಿಂತಿದ್ದವು, ಅವುಗಳ ಮೇಲೆ ಊರು ಕೂತಿತ್ತು. ಸೀಸನ್ ಇಲ್ಲದ ಊರಿನಲ್ಲಿ ಯಾರಿಗೂ ಕೆಲಸವಿರುವುದಿಲ್ಲ, ನೋವು ಮಾತ್ರ ಎಲ್ಲರಿಗೂ ಇರುತ್ತದೆ ಎಂದು ಏಜೆಂಟ್ ಹೇಳಿರಲಿಲ್ಲ. ಔಷಧಿ ಬರೆಯುವ ಅಧಿಕಾರ ನನಗಿಲ್ಲ ಎಂದು ಕೈಸನ್ನೆಯಲ್ಲಿ ವಿವರಿಸಿದೆ. ಅವರಿಗೆ ಔಷಧಿ ಬೇಕಾಗಿರಲಿಲ್ಲ, ಕೇಳುವವನು ಬೇಕಾಗಿತ್ತು. ಬಿಸಿನೀರಿನ ಶಾಖ ಕೊಡಿ, ನಿಮ್ಮ ಡಾಕ್ಟರಿಗೆ ತೋರಿಸಿ ಎನ್ನುತ್ತಾ ನಾನು ರಜೆಯನ್ನು ಮಂಡಿಗಳ ನಡುವೆ ಕಳೆಯತೊಡಗಿದೆ. ಅತ್ತ ಮಹಡಿಗೆ ಯಜಮಾನನೇ ಕಾಫಿ ಹೊತ್ತು ಹೋಗುತ್ತಿದ್ದ. ಒಮ್ಮೆ ಉಸಿರಾಡಲು ಹೊರಗೆ ಬಂದು ತಲೆಯೆತ್ತಿದೆ. ವಿಮಲಾ ಕಿಟಕಿಯಲ್ಲಿ ಶಾಲು ಹೊದ್ದು, ಕಪ್ಪು ಹಿಡಿದು, ಸಮುದ್ರ ನೋಡುತ್ತಿದ್ದಳು. ಅಷ್ಟು ನಿರಾಳವಾದ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಸಾರ್ಥಕವಾಯಿತು ಎನಿಸಿ ಮತ್ತೆ ಒಳಗೆ ಹೋದೆ.

ಹೊರಡುವ ಹಿಂದಿನ ದಿನ. ಬೆಸ್ತರ ಮುದುಕನೊಬ್ಬ ಎದ್ದುಹೋದ, ಅವನ ಕುರ್ಚಿಗೆ ಇನ್ನೊಬ್ಬರು ಬಂದು ಕೂತರು. ತಲೆಯೆತ್ತದೆ ನನ್ನ ಪಾಠ ಒಪ್ಪಿಸಿದೆ, "ದೋವೆ ಫಾ ಮಾಲೆ?"

"ಬಲಗಾಲು, ಮಂಡಿ" ಎಂದು ಉತ್ತರ ಬಂತು.

ವಿಮಲಾ! ಮುಖದಲ್ಲಿ ನಗುವಿರಲಿಲ್ಲ. ಸರದಿಯಲ್ಲಿ ಕಾದು ಬಂದಿದ್ದಳು.

"ಎಷ್ಟು ದಿನದಿಂದ?" ಎಂದೆ, ತೊದಲುತ್ತಾ.

"ಮಾಡ್ಬರಿ ಮನೆಗೆ ಬಂದಾಗಿನಿಂದ."

"ಯಾವ ಡಾಕ್ಟ್ರಿಗೂ ತೋರಿಸ್ಲಿಲ್ವಾ?"

"ನಮ್ಮನೇಲೇ ಒಬ್ರು ಇದಾರೆ" ಎಂದಳು. "ಊರೋರಿಗೆಲ್ಲ ಅವರಿಗೆ ಟೈಮಿರುತ್ತೆ. ನಂಗೆ ಇಷ್ಟು ದೂರ ಬಂದ್ಮೇಲೇ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು."

ಸಾಲಿನಲ್ಲಿದ್ದ ಅಜ್ಜಿಯರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲರೂ ಒಟ್ಟಿಗೆ ನನ್ನತ್ತ ತಿರುಗಿ ನೋಡಿದ ರೀತಿಗೆ ಅನುವಾದ ಬೇಕಿರಲಿಲ್ಲ. ನಾನು ನೆಲದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಸಪ್ತಪದಿಯ ದಿನ ಪುರೋಹಿತರು ಹೇಳಿದರೆಂದು ಹಿಡಿದಿದ್ದ ಆ ಕಾಲನ್ನು ಮತ್ತೆ ಮುಟ್ಟಿ ನೋಡಿದ್ದು ಅವತ್ತೇ.