ಬೀಳದ ಮೂರನೇ ಗೇರು

ನನ್ನ ಅಳಿಯ ಮೋಟಾರ್ ಸೈಕಲ್ ಓಡಿಸುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನು ಅದನ್ನು ವಿಚಾರಿಸುತ್ತಾನೆ, ಸಮಾಧಾನ ಮಾಡುತ್ತಾನೆ, ಕಾಲು ಹಿಡಿಯುವುದೊಂದು ಬಾಕಿ. ಓಡುವುದು ಬಿಡುವುದು ಅದರ ಮರ್ಜಿ!

ಅವನು ಉಡುಪಿ ಕಡೆಯವನು, ಮುಂಬೈಯ ಭಾಂಡುಪ್‌ನಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ನಾವು ವಿಜಯಪುರದವರು. ಮಗಳು ತಾನೇ ಇಷ್ಟಪಟ್ಟು ತಂದ ಅಳಿಯ, ನಾನು ಆರಿಸಿದ್ದಲ್ಲ. ಅದು ಮೊದಲೇ ತಿಳಿದಿರಲಿ. ಹೋದ ಮಳೆಗಾಲದಲ್ಲಿ ನಾನು ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ ಮೊಣಕಾಲು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಕಾಲು ಪೂರ್ತಿ ಮಡಚಲು ಒಪ್ಪಲಿಲ್ಲ. ವಾರವಾರ ಕುರ್ಲಾಕ್ಕೆ ಬಂದು ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಹೀಗೇ ಸೆಟೆದು ನಿಲ್ಲುತ್ತದೆ ಎಂದರು ಡಾಕ್ಟರಮ್ಮ. ಸೆಟೆದ ಕಾಲಿನಲ್ಲಿ ಲೋಕಲ್ ಹತ್ತುವುದು ಹೇಗೆ? ಲೋಕಲ್ ಹತ್ತಲಾಗದವಳು ಮುಂಬೈಯಲ್ಲಿ ಬದುಕಿದ್ದರೇನು, ಫೋಟೋ ಆಗಿ ಗೋಡೆಗೆ ಏರಿದ್ದರೇನು!

ಬಸ್ಸಿನ ಮೆಟ್ಟಿಲು ಎತ್ತರ. ಆಟೋದವನಿಗೆ ಹೊಂಡ ಕಂಡರೆ ಉತ್ಸಾಹ. "ನಾನು ಕರ್ಕೊಂಡು ಹೋಗ್ತೇನೆ ಅತ್ತೆ" ಎಂದ ಅಳಿಯ. ಶುರುವಾಯಿತು ನನ್ನ ವನವಾಸ.

ಒಮ್ಮೆ ಫ್ಲೈಓವರಿನ ಏರಿನಲ್ಲಿ ಮೂರನೇ ಗೇರು ಹಾಕುತ್ತೇನೆಂದು ಪಾದ ಆಡಿಸಿದ. ಬೀಳಲಿಲ್ಲ. ಇಂಜಿನ್ ಗೊಂಯ್ ಎಂದು ಅರಚಿತು. ಬಂಡಿ ಮಾತ್ರ ಸೋತು ನಿಂತಿತು! ಪಾವ್ ಬ್ರೆಡ್ಡಿನ ಗಂಟು ಹೇರಿಕೊಂಡ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋದ.

"ಸಾರಿ ಮಾರಾಯ್ತಿ" ಎಂದ ಅಳಿಯ, ಪೆಟ್ರೋಲ್ ಟ್ಯಾಂಕ್ ತಟ್ಟುತ್ತ.

"ನನಗ ಅಂದ್ಯಾ?"

"ಅಲ್ಲ ಅತ್ತೆ, ಬೈಕಿಗೆ."

"ಬೈಕಿಗ್ಯಾಕ? ಹಿಂದಿಂದ ಲಾರಿ ಬಂದ್ರ ಮೊದಲ ಚಪ್ಪಟಿ ಆಗಾಕಿ ನಾನು!"

ಅದಕ್ಕೊಂದು ಪಾಠ ಬೇರೆ. "ಗೇರು ಬೀಳದಿದ್ರೆ ಗಡಿಬಿಡಿ ಮಾಡ್ಲಿಕ್ಕಿಲ್ಲ ಅತ್ತೆ. ಎಕ್ಸಿಲೇಟರ್ ಬಿಡ್ಬೇಕು, ಕ್ಲಚ್ ಪೂರ್ತಿ ಹಿಡೀಬೇಕು, ಪುನಃ ಹಾಕ್ಬೇಕು. ಮತ್ತೆ ಕ್ಲಚ್ ಮೆಲ್ಲ ಬಿಡ್ಬೇಕು."

"ಇಷ್ಟೆಲ್ಲಾ ಗೊತ್ತಿದ್ದಾವಗ ಮೊದಲ್ನೇ ಸಲಾನ ಹಾಕಾಕ ಏನ್ ಧಾಡಿ?"

ಗಿರಾಕಿ ರೇಗಿದರೆ ಮುಂದೆ ನೀರಿಟ್ಟು ನಗುವುದು ಹೋಟೆಲಿನವರ ಪದ್ಧತಿ. ಅವನೂ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟ. ಕುಡಿದೆ. ಸಿಟ್ಟು ಇಳಿಯಲಿಲ್ಲ.

ಇನ್ನೊಂದು ವಾರ ನಡುಸಿಗ್ನಲ್ಲಿನಲ್ಲಿ ಅದೇ ಕಥೆ. ಸುತ್ತ ಹಾರ್ನುಗಳ ಭಜನೆ. ಪಕ್ಕದ ಆಟೋದವನು ತಲೆ ಹೊರಹಾಕಿ, "ಅರೇ ಅಂಕಲ್, ದಾದೀ ಕೋ ಚಲಾನೇ ದೋ!" ಎಂದು ಕೂಗಿದ. ಅಜ್ಜಿಗೇ ಓಡಿಸಲು ಕೊಡಬೇಕಂತೆ! ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ಮನೆಗೆ ಬಂದು ಮಗಳ ಮುಂದೆ ಹಾರಾಡಿದೆ.

"ಅವ್ವಾ, ಅವ್ರು ಲಗ್ನಕ್ಕಿಂತ ಮೊದಲಿಂದ ಗಾಡಿ ಓಡಸ್ತಾರ!"

"ಹಂಗಾದ್ರ ಅವಾಗಿಂದ ಇವತ್ತಿನ ತನಕಾ ಎರಡನೇ ಗೇರಿನ್ಯಾಗ ಬಂದಾನ!"

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಕಾಲು ಮಡಚುತ್ತಿದ್ದೆ. ಅಳಿಯ ಒಬ್ಬನೇ ಹೋಟೆಲಿಗೆ ಹೊರಟ. ನಮ್ಮ ಬಿಲ್ಡಿಂಗಿನ ಮುಂದೆಯೇ ಏರು. ಟಕ್, ಟಕ್, ಟಕ್! ಒಂದೂ ತಪ್ಪದೆ ಗೇರು ಬಿದ್ದವು. ಬಾಣದ ಹಾಗೆ ಹೋಗಿ ತಿರುವಿನಲ್ಲಿ ಮಾಯವಾದ. ನನ್ನ ಮೈಯೆಲ್ಲ ಉರಿಯಿತು. ಅಂದರೆ ಇವನಿಗೆ ಗೇರು ಹಾಕಲು ಬರುತ್ತದೆ! ನಾನು ಕೂತಾಗ ಮಾತ್ರ ಈ ನಾಟಕವೇ? ಮುದುಕಿ ತಾನಾಗಿಯೇ ಬೇಡವೆನ್ನಲಿ ಎಂಬ ಹೂಟವೇ?

ಮುಂದಿನ ವಾರ ಗೇಟಿನಲ್ಲೇ ಹಿಡಿದು ನಿಲ್ಲಿಸಿದೆ. "ನನ್ನ ಒಯ್ಯಾಕ ಬ್ಯಾಸರ ಇದ್ರ ಬಾಯಿಬಿಟ್ಟು ಹೇಳು. ಒಬ್ಬನ ಹೋಗಾಗ ಬೀಳೂ ಗೇರು ನಾ ಕುಂತಾಗ ಯಾಕ ಬೀಳೂದಿಲ್ಲ?"

ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. "ಗಟ್ಟಿ ಹಾಕಿದ್ರೆ ಬೀಳ್ತದೆ ಅತ್ತೆ. ಆದ್ರೆ ಬೈಕ್ ಒಮ್ಮೆ ಜಗ್ಗುತ್ತದೆ. ಮೊದಲ್ನೇ ದಿನ ಹಾಗೆ ಜಗ್ಗಿದಾಗ ನೀವು ‘ಯವ್ವಾ’ ಅಂತ ಕೂಗಿದ್ರಿ. ಆಮೇಲೆ ನನಗೆ ಒತ್ಲಿಕ್ಕೇ ಧೈರ್ಯ ಬರುದಿಲ್ಲ. ಮೆಲ್ಲ ಮುಟ್ತೇನೆ. ಮೆಲ್ಲ ಮುಟ್ಟಿದ್ರೆ ಅದು ಬೀಳುದಿಲ್ಲ. ಎಂತ ಮಾಡುದು ಹೇಳಿ?"

ನಾನು ಕೂಗಿದ್ದು ನನಗೇ ನೆನಪಿರಲಿಲ್ಲ. ಇಂಥವನಿಗೆ ಏನು ಹೇಳುವುದು? ಸೀರೆ ಒಟ್ಟುಮಾಡಿ ಹತ್ತಿ ಕೂತೆ.

"ಗಟ್ಟಿ ಒದಿ. ಮುರದ ಎಲಬು ಕೂಡೇತಿ. ಇನ್ನೇನ್ ಆಗೂದೈತಿ?"

ಏರಿನಲ್ಲಿ ಒದ್ದ. ಮೂರನೇ ಗೇರು ಟಕ್ಕೆಂದು ಬಿತ್ತು. ನೋವು ಮೊಣಕಾಲಿನಿಂದ ನೆತ್ತಿಗೇರಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಅತ್ತೆ, ನೋವಾಯ್ತಾ?"

ಸೆರಗು ತೆಗೆದೆ. "ಇಲ್ಲೋ ಮಗನ. ನೀ ನಾಕನೇದ್ದು ಹಾಕು."